ಆಟದಂಗಳದ ಬೆಳಕು ಮತ್ತು ಅದರ ಬಿಲ್



ದತ್ತಿ ಉಪನ್ಯಾಸವೆಂದರೆ ವಚನ ಸಾಹಿತ್ಯ, ಶಾಸನ, ಇಲ್ಲವೇ ಮಹನೀಯರೊಬ್ಬರ ಬದುಕು ಎಂಬ ರೂಢಿ ನಮ್ಮಲ್ಲಿದೆ. ಈ ಸಲ ಸಂಘದವರು ಶಟಲ್ ಅಂಕಣದ ದೀಪ, ಪಾರ್ಕಿನ ಕಂಬ, ಕ್ಲಬ್ಬಿನ ಟ್ಯೂಬ್‌ಲೈಟುಗಳ ಬಗ್ಗೆ ಮಾತಾಡಿ ಎಂದು ಕೇಳಿದ್ದಾರೆ. ಧೈರ್ಯವಂತರು. ಅವರಿಗೆ ನನ್ನ ಕೃತಜ್ಞತೆಗಳು.

ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ತಾಲ್ಲೂಕು ಕ್ರೀಡಾಂಗಣ, ಒಳಾಂಗಣ ಶಟಲ್ ಅಂಕಣ, ಯುವಕ ಮಂಡಲದ ಕಬಡ್ಡಿ ಅಂಗಳ, ನಗರಸಭೆಯ ಪಾರ್ಕು, ಬಯಲು ರಂಗಮಂದಿರ, ಹಿರಿಯ ನಾಗರಿಕರ ಕ್ಲಬ್ಬು: ಊರವರೆಲ್ಲ ಸೇರಿ ಬಳಸುವ ಇಂಥ ಜಾಗಗಳಲ್ಲಿ ಹಳೆಯ ದೀಪ ತೆಗೆದು ಕಡಿಮೆ ವಿದ್ಯುತ್ತಿನ ದೀಪ ಹಾಕುವುದು ನನ್ನ ವಿಷಯ. ದೊಡ್ಡ ಕ್ರಿಕೆಟ್ ಕ್ರೀಡಾಂಗಣಗಳನ್ನು ಬಿಟ್ಟಿದ್ದೇನೆ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊನಲು ಬೆಳಕಿನಡಿ ಭಾರತ–ಪಾಕಿಸ್ತಾನಗಳ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಲ್ಲಿನ ಬೆಳಕನ್ನು ನಿರ್ಧರಿಸುವುದು ಆಟಗಾರನ ಕಣ್ಣಿಗಿಂತ ಹೆಚ್ಚಾಗಿ ಟಿವಿ ಕ್ಯಾಮೆರಾ; ಅದರ ಲೆಕ್ಕವೇ ಬೇರೆ. ನಮ್ಮದು ಊರಿನ ಲೆಕ್ಕ. ಇದರಲ್ಲಿ ಮೊದಲು ಕಣ್ಣಿನ ವಿಚಾರ, ಆಮೇಲೆ ಸ್ವಿಚ್ಚಿನ ವಿಚಾರ, ಅದಾದ ಮೇಲೆ ಹಣದ ವಿಚಾರ ಹೇಳಿ, ಕೊನೆಗೆ ಅಂಗಳದ ಬೇಲಿಯಾಚೆಗಿನ ಕತ್ತಲೆಯ ಬಗ್ಗೆ ಸ್ವಲ್ಪ ಮಾತಾಡುತ್ತೇನೆ.

ವಿಷಯಕ್ಕೆ ಹೋಗುವ ಮುನ್ನ ಒಂದಿಷ್ಟು ಹಿನ್ನೆಲೆ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಅಲ್ಲಿಂದ ಮುಂದೆ ತಂತಿಯ ಬಲ್ಬು, ಟ್ಯೂಬ್‌ಲೈಟು, ಪಾದರಸ ಆವಿಯ ದೀಪ, ಸೋಡಿಯಂ ವೇಪರ್, ಹ್ಯಾಲೊಜನ್, ಮೆಟಲ್ ಹಲೈಡ್ ಎಂದು ಒಂದರ ಹಿಂದೊಂದು ದೀಪಗಳು ಬಂದವು. ನೀಲಿ ಬೆಳಕು ಕೊಡುವ ಎಲ್‌ಇಡಿಯನ್ನು ರೂಪಿಸಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಾವಿಂದು ಬಿಳಿ ದೀಪವೆಂದು ಕರೆಯುವುದು ಬಹುಮಟ್ಟಿಗೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಹೊಮ್ಮಿಸುವ ಪುಡಿ ಲೇಪಿಸಿದ ದೀಪವನ್ನು. ಮುಂದೆ ಎರಡು ಕಡೆ ಈ ನೀಲಿ ನಮಗೆ ಬೇಕಾಗುತ್ತದೆ.

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಇನ್ನೊಂದು ಬದಲಾವಣೆಯಾಯಿತು. 2014ರ ಆರಂಭದಲ್ಲಿ ಕೇಂದ್ರ ಸರ್ಕಾರದ ಎನರ್ಜಿ ಎಫಿಶಿಯೆನ್ಸಿ ಸರ್ವಿಸಸ್ ಲಿಮಿಟೆಡ್ ಸಗಟಾಗಿ ಕೊಳ್ಳುತ್ತಿದ್ದ ಎಲ್‌ಇಡಿ ಬಲ್ಬಿಗೆ 310 ರೂಪಾಯಿ ಕೊಡುತ್ತಿತ್ತು. ಮೂರು ವರ್ಷದೊಳಗೆ ಅದರ ದರ 40 ರೂಪಾಯಿಗಿಂತ ಕೆಳಗಿಳಿಯಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆ ಕರ್ನಾಟಕಕ್ಕೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ವಿದ್ಯುತ್ ಕಂಪನಿಗಳ ಕೌಂಟರಿನ ಮುಂದೆ ಜನ ಬಿಲ್ ಹಿಡಿದು ಸಾಲುಗಟ್ಟಿ ನಿಂತರು. ಮನೆಗಳು ಬಹಳ ಬೇಗ ಬದಲಾದವು. ಊರಿನ ಸಾರ್ವಜನಿಕ ಜಾಗಗಳು ಅಷ್ಟು ಬೇಗ ಬದಲಾಗಲಿಲ್ಲ. ಬದಲಾದ ಕಡೆಯೂ ಎಷ್ಟೋ ಸಲ ಸರಿಯಾಗಿ ಬದಲಾಗಲಿಲ್ಲ. ಏಕೆ ಎಂಬುದಕ್ಕೆ ನನ್ನದೊಂದು ಉತ್ತರವಿದೆ. ಅದನ್ನು ಹಣದ ಭಾಗಕ್ಕೆ ಕಾದಿರಿಸಿದ್ದೇನೆ.

ಈಗ ಮೊದಲನೆಯ ವಿಷಯ, ಕಣ್ಣು.

ದೀಪ ಬದಲಿಸುವ ಮಾತು ಬಂದ ಕೂಡಲೇ ಸಮಿತಿ ಸಭೆಯಲ್ಲಿ ಏಳುವ ಪ್ರಶ್ನೆ “ಎಷ್ಟು ವ್ಯಾಟಿನದು ಹಾಕೋಣ?” ಎಂಬುದು. ವ್ಯಾಟ್ ಎಂದರೆ ದೀಪ ನುಂಗುವ ವಿದ್ಯುತ್ತು. ನಮಗೆ ಬೇಕಾದದ್ದು ನೆಲದ ಮೇಲೆ, ಚೆಂಡಿನ ಮೇಲೆ, ಎದುರಾಳಿಯ ಮುಖದ ಮೇಲೆ ಬೀಳುವ ಬೆಳಕು. ಅದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಕಣ್ಣು ಇವೆರಡಕ್ಕೂ ಹೊಂದಿಕೊಳ್ಳುವುದರಿಂದಲೇ ಬರಿಗಣ್ಣಿನಿಂದ ಬೆಳಕನ್ನು ಅಳೆಯಲು ಆಗುವುದಿಲ್ಲ. ಯುರೋಪಿನ ಕ್ರೀಡಾ ಬೆಳಕಿನ ಮಾನದಂಡವು ಒಳಾಂಗಣ ಬ್ಯಾಡ್ಮಿಂಟನ್ನಿಗೆ ಅಭ್ಯಾಸದ ಮಟ್ಟದಲ್ಲಿ 300, ಕ್ಲಬ್ ಪಂದ್ಯಕ್ಕೆ 500, ಉನ್ನತ ಮಟ್ಟದ ಪಂದ್ಯಕ್ಕೆ 750 ಲಕ್ಸ್ ಕೇಳುತ್ತದೆ. ಸಂಜೆ ಆಫೀಸು ಮುಗಿಸಿ ಬಂದು ಎರಡು ಗೇಮ್ ಆಡಿ ಹೋಗುವವರಿಗೆ 300 ಸಾಕು. ಆದರೆ ಆ 300 ಅಂಕಣದ ತುಂಬ ಸಮನಾಗಿ ಹರಡಿರಬೇಕು. ನಡುವೆ 600 ಇದ್ದು ಮೂಲೆಯಲ್ಲಿ 100 ಇದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಮೂಲೆಗೆ ಬಿದ್ದ ಶಟಲ್ ಮಾತ್ರ ಕಾಣುವುದಿಲ್ಲ.

ಯಾವ ಆಟದಲ್ಲಿ ಕಣ್ಣು ಯಾವ ಕಡೆ ನೋಡುತ್ತದೆ ಎಂಬುದೂ ಮುಖ್ಯ. ಶಟಲ್ ಆಡುವವರು ಮೇಲೆ ನೋಡುತ್ತಾರೆ. ಆದ್ದರಿಂದ ದೀಪಗಳು ಅಂಕಣದ ನೆತ್ತಿಯ ಮೇಲಿರದೆ ಎರಡು ಪಕ್ಕಗಳಲ್ಲಿ, ಬಲೆಯ ಕಂಬಗಳಾಚೆ ಸಾಲಾಗಿರಬೇಕು. ಹಿಂದಿನ ಗೋಡೆಯ ಮೇಲಂತೂ ದೀಪ ಕೂಡದು. ಗೋಡೆಗೆ ಕಡು ಹಸಿರೋ ನೀಲಿಯೋ ಬಣ್ಣವಿದ್ದರೆ ಬಿಳಿ ಶಟಲ್ ಎದ್ದು ಕಾಣುತ್ತದೆ. ಎಷ್ಟೋ ಕಡೆ ದೀಪಕ್ಕೆ ಲಕ್ಷಗಟ್ಟಲೆ ಸುರಿದು ಗೋಡೆಯನ್ನು ಸುಣ್ಣದ ಬಿಳಿಯಲ್ಲೇ ಬಿಟ್ಟಿರುತ್ತಾರೆ. ವಾಲಿಬಾಲಿನಲ್ಲೂ ಮೇಲೆ ನೋಡಬೇಕು, ಆದರೆ ಕಬಡ್ಡಿಯಲ್ಲಿ ಕಣ್ಣು ಎದುರಾಳಿಯ ಕಾಲು, ಸೊಂಟದ ಮಟ್ಟದಲ್ಲಿರುತ್ತದೆ. ಅಲ್ಲಿ ನಾಲ್ಕು ಮೂಲೆಯ ಕಂಬಗಳನ್ನು ತೀರ ಗಿಡ್ಡ ಮಾಡಿದರೆ ದಾಳಿಗೆ ಹೋದವನ ಕಣ್ಣಿಗೇ ಬೆಳಕು ಹೊಡೆಯುತ್ತದೆ. ಇನ್ನು ಕೇರಂ. ಊರಿನ ಕ್ಲಬ್ಬುಗಳಲ್ಲಿ ಬೋರ್ಡಿನ ಮೇಲೆ ಟೋಪಿ ಹಾಕಿದ ಬಲ್ಬೊಂದು ತೂಗುತ್ತಿತ್ತಲ್ಲ, ಅದಕ್ಕಿಂತ ಜಾಣ ಬೆಳಕಿನ ವ್ಯವಸ್ಥೆಯನ್ನು ನಾನು ಕಡಿಮೆ ಕಂಡಿದ್ದೇನೆ. ಬೇಕಾದಲ್ಲಿ ಮಾತ್ರ ಬೆಳಕು, ಕಣ್ಣಿಗೆ ಮರೆ, ಬೋರ್ಡಿಗೊಂದು ಸ್ವಿಚ್. ಅದೇ ಟೋಪಿಯೊಳಗೆ ಇಂದು 9 ವ್ಯಾಟಿನ ಎಲ್‌ಇಡಿ ಸಾಕು. ಕೆಲವು ಕ್ಲಬ್ಬುಗಳು ‘ಆಧುನೀಕರಣ’ ಮಾಡಿ ಟೋಪಿ ತೆಗೆದು ಚಾವಣಿ ತುಂಬ ಚಪ್ಪಟೆ ಫಲಕಗಳನ್ನು ಕೂರಿಸಿವೆ. ವಿದ್ಯುತ್ತು ಹೆಚ್ಚು ಖರ್ಚಾಗುತ್ತಿದೆ, ಪಾನಿನ ಮೇಲೆ ಕೈಯ ನೆರಳೂ ಬೀಳುತ್ತಿದೆ.

ಹಿರಿಯರ ಕ್ಲಬ್ಬುಗಳ ಬಗ್ಗೆ ಒಂದು ಮಾತು ಸೇರಿಸಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 60 ದಾಟಿದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು. ಉಳಿತಾಯದ ಹೆಸರಲ್ಲಿ ಇವರ ಓದುವ ಕೋಣೆಯ ಬೆಳಕು ತಗ್ಗಿಸಬಾರದು. ಇಲ್ಲಿ ಹೊಸ ದೀಪದ ಲಾಭವನ್ನು ಕಡಿಮೆ ಬಿಲ್ ಆಗಿ ಪಡೆಯುವ ಬದಲು ಹೆಚ್ಚು ಬೆಳಕಾಗಿ ಪಡೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಣ್ಣ ಮತ್ತು ಮಿನುಗು, ಈ ಎರಡನ್ನೂ ಮುಗಿಸಿ ಮುಂದೆ ಹೋಗೋಣ. ಸೋಡಿಯಂ ವೇಪರ್ ದೀಪದ ಕೆಳಗೆ ಕೆಂಪು ಅಂಗಿಯ ತಂಡ ಯಾವುದು, ಕಂದು ಅಂಗಿಯ ತಂಡ ಯಾವುದು ಎಂದು ತಿಳಿಯದೆ ರೆಫ್ರಿ ತಬ್ಬಿಬ್ಬಾಗುವುದುಂಟು. ಎಲ್‌ಇಡಿ ಈ ಮಟ್ಟಿಗೆ ಬಹಳ ಮೇಲು. ಆದರೆ ನೀಲಿಯ ಮೇಲೆ ಹಳದಿ ಲೇಪಿಸಿದ ಅಗ್ಗದ ದೀಪದಲ್ಲಿ ಕೆಂಪಿನ ಪಾಲು ಕಡಿಮೆ. ಯಕ್ಷಗಾನದವರು ಇದನ್ನು ಬೇಗ ಗುರುತಿಸುತ್ತಾರೆ. ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ಟ್ಯೂಬ್‌ಲೈಟಿಗೆ ರಂಗಸ್ಥಳ ಬದಲಾದಾಗಲೆಲ್ಲ ಮುಖವರ್ಣಿಕೆ ಕಾಣುವ ಬಗೆಯೂ ಬದಲಾಗಿದೆ. ಬಯಲು ರಂಗಮಂದಿರಕ್ಕೆ ದೀಪ ಕೊಳ್ಳುವ ಪಂಚಾಯಿತಿಯವರು ಬೀದಿದೀಪದ ಪಟ್ಟಿಯಿಂದಲೇ ಆರಿಸಿದರೆ ಬಣ್ಣದ ವೇಷದ ಕೆಂಪು ಸತ್ತುಹೋಗುತ್ತದೆ. ಬಣ್ಣಗಳನ್ನು ಸರಿಯಾಗಿ ತೋರಿಸುವ ದೀಪ ಬೇಕೆಂದು, ಅದರಲ್ಲೂ ಕೆಂಪು ಚೆನ್ನಾಗಿ ಕಾಣಬೇಕೆಂದು ಬೇಡಿಕೆಪಟ್ಟಿಯಲ್ಲೇ ಬರೆಯಬೇಕು.

ಇನ್ನು ಮಿನುಗು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಚೋಕಿನ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಹಳೆಯ ಎಲೆಕ್ಟ್ರಿಷಿಯನ್ನರು ಇದನ್ನು ಅಡಗಿಸಲು ಅಕ್ಕಪಕ್ಕದ ದೀಪಗಳನ್ನು ಮೂರು ಬೇರೆ ಬೇರೆ ಫೇಸುಗಳಿಗೆ ಕೊಡುತ್ತಿದ್ದರು. ಒಂದು ಮಬ್ಬಾದಾಗ ಇನ್ನೊಂದು ಬೆಳಗುತ್ತಿತ್ತು. ಒಳ್ಳೆಯ ಡ್ರೈವರ್ (ದೀಪಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಸಾಧನ) ಇರುವ ಎಲ್‌ಇಡಿ ಮಿನುಗುವುದಿಲ್ಲ. ಅಗ್ಗದ್ದು ಚೋಕಿಗಿಂತ ಕೆಟ್ಟದಾಗಿ ಮಿನುಗುತ್ತದೆ, ಸ್ಮ್ಯಾಷ್ ಹೊಡೆದ ಶಟಲ್ ಎರಡು ಮೂರಾಗಿ ಕಾಣುತ್ತದೆ. ಪರೀಕ್ಷೆ ಸುಲಭ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾವನ್ನು ದೀಪದ ಕಡೆ ಹಿಡಿಯಿರಿ. ಬೆಳಕು ಮಿಟುಕುವುದೋ ಪರದೆಯ ಮೇಲೆ ಪಟ್ಟೆಗಳು ಓಡುವುದೋ ಕಂಡರೆ ಆ ದೀಪವನ್ನು ಅಂಗಡಿಯವನಿಗೇ ಬಿಡಿ.

ಎರಡನೆಯ ವಿಷಯ, ಸ್ವಿಚ್ಚು. ಇದಕ್ಕೆ ಯಾರೂ ಹೆಚ್ಚು ಗಮನ ಕೊಡುವುದಿಲ್ಲವಾದ್ದರಿಂದ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಮೆಟಲ್ ಹಲೈಡ್ ದೀಪವಿರುವ ಒಳಾಂಗಣದಲ್ಲಿ ಆಡಿದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಗೇಮ್ ರಂಗೇರಿದೆ. ಕರೆಂಟ್ ಒಂದು ಕ್ಷಣ ಹೋಗಿ ಬರುತ್ತದೆ. ಫ್ಯಾನ್ ತಿರುಗುತ್ತಲೇ ಇದೆ, ಆದರೆ ದೀಪ ಹತ್ತುವುದಿಲ್ಲ. ಒಳಗಿನ ಅನಿಲ ತಣಿದು ಒತ್ತಡ ಇಳಿಯುವವರೆಗೆ ಅದು ಮತ್ತೆ ಹೊತ್ತಿಕೊಳ್ಳದು. ಹತ್ತು ಹದಿನೈದು ನಿಮಿಷ ಎಲ್ಲರೂ ಕತ್ತಲಲ್ಲಿ ಬೆವರೊರೆಸಿಕೊಂಡು ಕೂರಬೇಕು. ಹತ್ತಿದ ಮೇಲೂ ಪೂರ್ತಿ ಬೆಳಗಲು ನಾಲ್ಕೈದು ನಿಮಿಷ. ಇದರಿಂದಾಗಿ ಪ್ರತಿ ಒಳಾಂಗಣದಲ್ಲೂ ಒಂದು ಪದ್ಧತಿ ಬೆಳೆದುಬಂದಿದೆ. ಕಾವಲುಗಾರ ಸಂಜೆ ಐದಕ್ಕೆ ಎಲ್ಲ ದೀಪ ಹಾಕುತ್ತಾನೆ, ರಾತ್ರಿ ಹತ್ತಕ್ಕೆ ಆರಿಸುತ್ತಾನೆ. ನಡುವೆ ಅಂಕಣ ಖಾಲಿಯಿದ್ದರೂ ಆರಿಸುವುದಿಲ್ಲ. ಅವನದು ಸೋಮಾರಿತನವಲ್ಲ, ಆ ದೀಪದ ಸ್ವಭಾವ ಬಲ್ಲವರು ಹಾಗೆಯೇ ಮಾಡುತ್ತಾರೆ. ಹೀಗಾಗಿ ವೈರಿಂಗ್ ಮಾಡಿದವರೂ ಮೂರು ಅಂಕಣಕ್ಕೆ ಒಂದೇ ಸ್ವಿಚ್ ಇಟ್ಟರು.

ಒಂದು ಲೆಕ್ಕ ಹಾಕೋಣ. ಮೂರು ಅಂಕಣದ ಒಳಾಂಗಣ, ಅಂಕಣಕ್ಕೆ ಎಂಟರಂತೆ 24 ದೀಪ, ಒಂದೊಂದೂ 400 ವ್ಯಾಟಿನ ಮೆಟಲ್ ಹಲೈಡ್. ಚೋಕ್ ತಿನ್ನುವುದನ್ನು ಸೇರಿಸಿದರೆ ದೀಪವೊಂದಕ್ಕೆ ಸುಮಾರು 440 ವ್ಯಾಟ್. ಒಟ್ಟು ಹತ್ತೂವರೆ ಕಿಲೋವ್ಯಾಟ್. ದಿನಕ್ಕೆ ಐದು ಗಂಟೆ ಉರಿದರೆ 53 ಯೂನಿಟ್. ಇದರ ಜಾಗದಲ್ಲಿ 150 ವ್ಯಾಟಿನ ಎಲ್‌ಇಡಿ ಹಾಕಿದರೆ 3.6 ಕಿಲೋವ್ಯಾಟ್, ದಿನಕ್ಕೆ 18 ಯೂನಿಟ್. ವರ್ಷಕ್ಕೆ 300 ದಿನ, ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 83 ಸಾವಿರ ರೂಪಾಯಿ ಉಳಿಯಿತು. ಇಷ್ಟಕ್ಕೇ ಎಲ್ಲರೂ ನಿಲ್ಲಿಸುತ್ತಾರೆ.

ಆದರೆ ಎಲ್‌ಇಡಿ ಒತ್ತಿದ ಕ್ಷಣವೇ ಹತ್ತುತ್ತದೆ. ಕಾವಲುಗಾರನ ಹಳೆಯ ಪದ್ಧತಿಗೆ ಇದ್ದ ಕಾರಣವೇ ಈಗಿಲ್ಲ. ಅಂಕಣಕ್ಕೊಂದು ಸ್ವಿಚ್ ಕೊಟ್ಟರೆ, ಸರಾಸರಿ ಎರಡೇ ಅಂಕಣ ಬಳಕೆಯಲ್ಲಿರುವ ಕಡೆ 18 ಯೂನಿಟ್ಟು 12ಕ್ಕೆ ಇಳಿಯುತ್ತದೆ. ಪ್ರತಿ ಅಂಕಣದ ದೀಪಗಳನ್ನು ಮತ್ತೆರಡು ಗುಂಪು ಮಾಡಿದರೆ ಮಕ್ಕಳ ತರಬೇತಿಗೆ ಅರ್ಧ, ಪಂದ್ಯಕ್ಕೆ ಪೂರ್ತಿ ಹಾಕಬಹುದು. ನಮ್ಮ ಸಭಾಂಗಣಗಳಿಗೆ ಇದು ಇನ್ನೊಂದು ಕಾರಣಕ್ಕೂ ಬೇಕು. ಅವು ಎಂದೂ ಒಂದೇ ಕೆಲಸಕ್ಕೆ ಕಟ್ಟಿದವಲ್ಲ. ಪ್ರಕಾಶ್ ಪಡುಕೋಣೆ ಅವರು ಆಡಿ ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದರು. ಬೆಳಿಗ್ಗೆ ಯೋಗ, ಮಧ್ಯಾಹ್ನ ಸೀಮಂತ, ಸಂಜೆ ಶಟಲ್, ತಿಂಗಳಿಗೊಮ್ಮೆ ಹರಿಕಥೆ ನಡೆಯುವ ಹಾಲಿಗೆ ಒಂದೇ ಸ್ವಿಚ್ಚಿನ ಬೆಳಕು ಹೊಂದುವುದಿಲ್ಲ.

ಆದರೂ ನಡೆಯುವುದೇನು? ಗುತ್ತಿಗೆದಾರರು ಹಳೆಯ ಫಿಟ್ಟಿಂಗ್ ಇಳಿಸಿ ಅದೇ ಕೊಕ್ಕೆಗೆ, ಅದೇ ತಂತಿಗೆ ಹೊಸದನ್ನು ನೇತುಹಾಕುತ್ತಾರೆ. ದೀಪದ ಎತ್ತರ, ದಿಕ್ಕು, ಸ್ವಿಚ್ ಎಲ್ಲವೂ ಹಳೆಯದೇ. ವೈರಿಂಗ್ ಬದಲಿಸಲು ತಗಲುವ ಖರ್ಚು ದೀಪದ ಖರ್ಚಿನೆದುರು ಸಣ್ಣದು. ಆದರೆ ಅಂದಾಜು ಪಟ್ಟಿಯಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ. ಪಾರ್ಕುಗಳಲ್ಲೂ ಹೀಗೆಯೇ. ವಾಯುವಿಹಾರದ ದಾರಿ, ಮಕ್ಕಳ ಜೋಕಾಲಿ, ಕಾರಂಜಿ ಎಲ್ಲ ಒಂದೇ ಟೈಮರಿನ ಮೇಲೆ. ಆ ಟೈಮರನ್ನು ಬೇಸಿಗೆಯಲ್ಲಿ ಒಮ್ಮೆ ಕೂರಿಸಿದರೆ ಡಿಸೆಂಬರಿನಲ್ಲಿ ಆರು ಗಂಟೆಗೆ ಕತ್ತಲಾದರೂ ಏಳಕ್ಕೇ ದೀಪ ಹತ್ತುತ್ತಿರುತ್ತದೆ. ಆ ಒಂದು ಗಂಟೆ ಪಾರ್ಕಿನಲ್ಲಿ ಹೆಂಗಸರು ಇರುವುದಿಲ್ಲ. ದೀಪ ಎಷ್ಟು ಯೂನಿಟ್ ಉಳಿಸಿತು ಎಂಬ ವರದಿಯಲ್ಲಿ ಇದು ಉಳಿತಾಯವಾಗಿಯೇ ದಾಖಲಾಗುತ್ತದೆ!

ಈಗ ಮೂರನೆಯದು, ಹಣ. ಮನೆಗಳು ಬೇಗ ಬದಲಾದವು, ಸಾರ್ವಜನಿಕ ಜಾಗಗಳು ಅಷ್ಟು ಬೇಗ ಬದಲಾಗಲಿಲ್ಲ ಎಂದೆ. ಯಾವ ಯೋಜನೆಯೂ ಇಲ್ಲದೆ, ಯಾರೂ ಹೇಳದೆ ಬದಲಾದ ಇನ್ನೊಂದು ವರ್ಗವಿದೆ. ಶಾಮಿಯಾನ, ಲೈಟಿಂಗ್ಸ್ ಬಾಡಿಗೆಗೆ ಕೊಡುವವರು.

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬ್ಯಾನರು ಇಲ್ಲದ ಊರು ನಮ್ಮಲ್ಲಿಲ್ಲ. ಹಿಂದೆ ಅಂಥ ಅಂಗಳಕ್ಕೆ ಸಾವಿರ ವ್ಯಾಟಿನ ಹ್ಯಾಲೊಜನ್ ಇಪ್ಪತ್ತು ಬೇಕಾಗುತ್ತಿತ್ತು ಅನ್ನಿ. ಇಪ್ಪತ್ತು ಕಿಲೋವ್ಯಾಟ್, ಎಂಟು ಗಂಟೆ, 160 ಯೂನಿಟ್. ಜನರೇಟರು ಲೀಟರ್ ಡೀಸೆಲಿಗೆ ಹೆಚ್ಚುಕಡಿಮೆ ಮೂರು ಯೂನಿಟ್ ಕೊಡುತ್ತದೆ. ರಾತ್ರಿಗೆ 50 ಲೀಟರಿಗೂ ಮಿಕ್ಕಿ ಡೀಸೆಲ್. ಈಗ 200 ವ್ಯಾಟಿನ ಎಲ್‌ಇಡಿ ಇಪ್ಪತ್ತು ಹಾಕಿದರೆ ನಾಲ್ಕು ಕಿಲೋವ್ಯಾಟ್, ಹತ್ತು ಹನ್ನೆರಡು ಲೀಟರ್ ಸಾಕು. ಜನರೇಟರೂ ಚಿಕ್ಕದು, ಅದನ್ನು ಹೊರುವ ಗಾಡಿಯೂ ಚಿಕ್ಕದು, ದಪ್ಪ ಕೇಬಲ್ ಬೇಡ, ಲೋಡಿಂಗ್‌ಗೆ ಹುಡುಗರು ಕಡಿಮೆ. ಲೈಟಿಂಗ್ಸಿನ ಮಾಲೀಕ ಯಾವ ಶಿಬಿರಕ್ಕೂ ಹೋಗದೆ, ಯಾವ ಸಬ್ಸಿಡಿಗೂ ಕಾಯದೆ ಹ್ಯಾಲೊಜನ್‌ಗಳನ್ನು ಗುಜರಿಗೆ ಹಾಕಿದ್ದಕ್ಕೆ ಕಾರಣ ಒಂದೇ. ದೀಪ ಕೊಳ್ಳುವವನೂ ಅವನೇ, ಡೀಸೆಲ್ ಹಾಕಿಸುವವನೂ ಅವನೇ.

ಸಾರ್ವಜನಿಕ ಅಂಗಳದಲ್ಲಿ ಈ ಇಬ್ಬರು ಬೇರೆ ಬೇರೆ. ದೀಪ ಬರುವುದು ಶಾಸಕರ ಅಥವಾ ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದಲೋ ಕ್ರೀಡಾ ಇಲಾಖೆಯ ಕಾಮಗಾರಿಯಿಂದಲೋ. ಬಿಲ್ ಕಟ್ಟುವುದು ನಗರಸಭೆ ಅಥವಾ ಪಂಚಾಯಿತಿ, ಅದೂ ಬೇರೆ ಲೆಕ್ಕಶೀರ್ಷಿಕೆಯಲ್ಲಿ. ಎಷ್ಟೋ ಸಲ ಅದನ್ನು ಕಟ್ಟದೆ ಬಾಕಿ ಉಳಿಸುವುದೂ ಉಂಟು. ಸ್ವಿಚ್ ಒತ್ತುವುದು ಕಾವಲುಗಾರ. ಆಡುವುದು ನಾವು. ಕಡಿಮೆ ವಿದ್ಯುತ್ತು ಉರಿಸಿದರೆ ಈ ನಾಲ್ವರಲ್ಲಿ ಯಾರ ಜೇಬಿಗೂ ಒಂದು ರೂಪಾಯಿ ಬರುವುದಿಲ್ಲ. ತಂತ್ರಜ್ಞಾನ ಹತ್ತು ವರ್ಷದಿಂದ ಸಿದ್ಧವಿದೆ. ಅಡ್ಡಿಯಾಗಿರುವುದು ಈ ಹಂಚಿಕೆ. ಇಂದು ನಾನು ಒತ್ತಿ ಹೇಳಬೇಕೆಂದು ಬಂದದ್ದು ಇದನ್ನೇ.

ಇದರ ಪರಿಣಾಮವನ್ನು ಹೈಮಾಸ್ಟ್ ಕಂಬಗಳಲ್ಲಿ ನೋಡಬಹುದು. ಊರ ಮೈದಾನದ ನಡುವೆ ಒಂದೇ ಎತ್ತರದ ಕಂಬ, ತುದಿಯಲ್ಲಿ ದೀಪಗಳ ಬಳೆ, ಬುಡದಲ್ಲಿ ಅನುದಾನ ಕೊಟ್ಟವರ ಹೆಸರಿನ ಫಲಕ. ಕಂಬದ ಸುತ್ತ ಬೆಳಕು ತುಳುಕುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕಿಂತಲೂ ಕೆಳಗಿಳಿಯುವುದರಿಂದ ಮೈದಾನದ ಅಂಚಿನ ವಾಲಿಬಾಲ್ ಅಂಕಣಕ್ಕೆ ಮಬ್ಬು. ಆಟಕ್ಕೆ ಬೇಕಾದದ್ದು ಅಂಕಣದ ಎರಡು ಪಕ್ಕದಲ್ಲಿ ನಾಲ್ಕು ಗಿಡ್ಡ ಕಂಬ. ಆದರೆ ಗಿಡ್ಡ ಕಂಬ ದೂರದಿಂದ ಕಾಣುವುದಿಲ್ಲ, ಅದಕ್ಕೆ ಉದ್ಘಾಟನೆಯ ಕಳೆಯೂ ಬರುವುದಿಲ್ಲ.

ಎಲ್ಲಿ ಬದಲಿಸಬೇಕು ಎಂಬುದನ್ನೂ ಗಂಟೆಯ ಲೆಕ್ಕದಿಂದಲೇ ತೀರ್ಮಾನಿಸಬೇಕು. ಮೈಸೂರು ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ದಸರೆಯ ದಿನಗಳನ್ನು ಬಿಟ್ಟರೆ ಅವು ಉರಿಯುವುದು ಮುಖ್ಯವಾಗಿ ಭಾನುವಾರ ಮತ್ತು ರಜೆಯ ಸಂಜೆಗಳಲ್ಲಿ, ಒಂದು ಗಂಟೆಗೂ ಕಡಿಮೆ ಹೊತ್ತು. ಯೂನಿಟ್ ಎಂದರೆ ವ್ಯಾಟ್ ಮತ್ತು ಗಂಟೆಯ ಗುಣಲಬ್ಧ. ತಿಂಗಳಿಗೆ ನಾಲ್ಕು ಸಂಜೆ ತೆರೆಯುವ ರಂಗಮಂದಿರದ ದೀಪಕ್ಕಿಂತ ಅದರ ಹಿಂಬದಿಯಲ್ಲಿ ರಾತ್ರಿಯಿಡೀ ಉರಿಯುವ ಶೌಚಾಲಯದ ಹಳೆಯ ಟ್ಯೂಬ್‌ಲೈಟು ಮೊದಲು ಬದಲಾಗಬೇಕು. ಯಾರೂ ಅಲ್ಲಿಂದ ಶುರುಮಾಡುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅಂಗಳಕ್ಕೆ ಪ್ರತ್ಯೇಕ ಮೀಟರ್ ಇರಲಿ. ಕಾಮಗಾರಿಗೆ ಮೊದಲಿನ ಹನ್ನೆರಡು ತಿಂಗಳ ಬಿಲ್‌ಗಳನ್ನು ಒಟ್ಟುಮಾಡಿ ಗೋಡೆಗೆ ಅಂಟಿಸಿ. ಉಳಿದ ಹಣದಲ್ಲಿ ಅರ್ಧವಾದರೂ ಅದೇ ಅಂಗಳದ ದುರಸ್ತಿ ಖಾತೆಗೆ ಬರುವಂತೆ ಪಂಚಾಯಿತಿಯಿಂದಲೋ ನಗರಸಭೆಯಿಂದಲೋ ನಿರ್ಣಯ ಮಾಡಿಸಿಕೊಳ್ಳಿ. ಆ ಹಣದಲ್ಲಿ ಬಲೆ ಬರುತ್ತದೆ, ಕಾವಲುಗಾರನ ಭತ್ಯೆ ಬರುತ್ತದೆ. ಅವನಿಗೆ ಪಾಲು ಸಿಕ್ಕಿದರೆ ಸ್ವಿಚ್ ಆರಿಸಲು ಯಾರೂ ಬೋರ್ಡು ಬರೆದು ಹಾಕಬೇಕಾಗಿಲ್ಲ. ಇನ್ನೊಂದು ದಾರಿ ಇಂಧನ ಸೇವಾ ಕಂಪನಿಗಳದ್ದು. ಅವರೇ ಹಣ ಹಾಕಿ ದೀಪ ಬದಲಿಸುತ್ತಾರೆ, ಉಳಿತಾಯದಿಂದ ಕೆಲವು ವರ್ಷ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ದೊಡ್ಡ ನಗರದ ಎಲ್ಲ ಪಾರ್ಕುಗಳನ್ನು ಒಟ್ಟಾಗಿ ಕೊಟ್ಟರೆ ಇದು ನಡೆಯುತ್ತದೆ. ಒಂದು ಊರಿನ ಒಂದು ಶಟಲ್ ಅಂಕಣಕ್ಕಾಗಿ ಯಾರೂ ಬರುವುದಿಲ್ಲ. ಕಡಿಮೆಯಾದ ಲೋಡಿಗೆ ತಕ್ಕಂತೆ ಮಂಜೂರಾದ ಲೋಡನ್ನೂ ಇಳಿಸಿಕೊಡಿ ಎಂದು ಬೆಸ್ಕಾಂಗೋ ಮೆಸ್ಕಾಂಗೋ ಅರ್ಜಿ ಕೊಡಲು ಮರೆಯಬೇಡಿ. ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಬರುತ್ತದೆ. ದೀಪ ಬದಲಾಗಿ ವರ್ಷಗಳಾದರೂ ಹಳೆಯ ಲೋಡಿಗೇ ಶುಲ್ಕ ಕಟ್ಟುತ್ತಿರುವ ಕ್ಲಬ್ಬುಗಳಿವೆ.

ಟೆಂಡರಿನ ಭಾಷೆಯೂ ಬದಲಾಗಬೇಕು. “150 ವ್ಯಾಟಿನ 24 ದೀಪ” ಎಂದು ಬರೆದರೆ 24 ದೀಪ ಬರುತ್ತವೆ, ಬೆಳಕು ಬರುತ್ತದೆಂಬ ಖಾತರಿಯಿಲ್ಲ. “ಅಂಕಣದ ಮೇಲೆ ಸರಾಸರಿ 300 ಲಕ್ಸ್, ಎಲ್ಲೂ 200ಕ್ಕಿಂತ ಕಡಿಮೆಯಿಲ್ಲ, ಅಳೆದು ತೋರಿಸಿದ ಮೇಲೆ ಹಣ” ಎಂದು ಬರೆಯಬೇಕು. ಎಲ್‌ಇಡಿಗೆ 50,000 ಗಂಟೆ ಆಯುಸ್ಸೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ನಮ್ಮ ಒಳಾಂಗಣ ವರ್ಷಕ್ಕೆ 1,500 ಗಂಟೆ ಉರಿಸುತ್ತದೆಂದರೆ ಮೂವತ್ಮೂರು ವರ್ಷವಾಯಿತು! ಆದರೆ ಮೊದಲು ಸಾಯುವುದು ಎಲ್‌ಇಡಿಯಲ್ಲ, ಅದರ ಡ್ರೈವರ್. ಡ್ರೈವರಿನೊಳಗಿನ ಕೆಪಾಸಿಟರ್ ಶಾಖ ತಾಳುವುದಿಲ್ಲ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಚಾವಣಿಯ ಕೆಳಗೆ ನೇತಾಡುವ ಡ್ರೈವರಿನ ಪಾಡನ್ನು ಊಹಿಸಿಕೊಳ್ಳಿ. ಡ್ರೈವರುಗಳನ್ನು ದೀಪದಿಂದ ಬೇರ್ಪಡಿಸಿ ಕೈಗೆಟಕುವ ಎತ್ತರದಲ್ಲಿ ಗೋಡೆಯ ಪೆಟ್ಟಿಗೆಯಲ್ಲಿಟ್ಟರೆ ತಂಪಾಗಿಯೂ ಇರುತ್ತವೆ, ಕೆಟ್ಟಾಗ ಮೂವತ್ತು ಅಡಿ ಏಣಿ ಹಾಕುವ ಖರ್ಚೂ ತಪ್ಪುತ್ತದೆ. ಮಲೆನಾಡು, ಕರಾವಳಿಯಲ್ಲಿ ಬಿಸಿಲು ಕಾಲದ ಕೊನೆಯ ಗುಡುಗು ಮಳೆಗೆ ಸಾಲುಸಾಲು ದೀಪ ಒಟ್ಟಿಗೇ ಸುಡುವುದುಂಟು. ಅಲ್ಲಿ ಸರಿಯಾದ ಅರ್ಥಿಂಗೂ ಸರ್ಜ್ ತಡೆಯುವ ಸಾಧನವೂ ದೀಪಕ್ಕಿಂತ ಮೊದಲಿನ ಖರ್ಚು.

ಸೌರ ವಿದ್ಯುತ್ತಿನ ಬಗ್ಗೆ ಕೇಳುವವರಿರುತ್ತೀರಿ. ಚಾವಣಿಯ ಫಲಕ ಹಗಲು ಉತ್ಪಾದಿಸುತ್ತದೆ, ಆಟದ ದೀಪ ರಾತ್ರಿ ಉರಿಯುತ್ತದೆ. ಗ್ರಿಡ್ಡಿಗೆ ಕೊಟ್ಟು ಪಡೆಯುವ ನೆಟ್ ಮೀಟರಿಂಗ್ ಇದ್ದರೆ ಒಳ್ಳೆಯದು. ಬ್ಯಾಟರಿ ಇಟ್ಟ ಕಂಬಗಳಾದರೆ ಬ್ಯಾಟರಿ ಬದಲಿಸುವ ಹಣವನ್ನು ಮೊದಲ ದಿನವೇ ಎತ್ತಿಡಬೇಕು. ಮೊದಲು ಲೋಡ್ ಇಳಿಸಿ, ಆಮೇಲೆ ಫಲಕದ ಬೆಲೆ ಕೇಳಿ.

ಕೊನೆಯದಾಗಿ ಬೇಲಿಯಾಚೆಗಿನ ಮಾತು. ದೀಪ ಅಗ್ಗವಾದಾಗ ಜನ ಹೆಚ್ಚು ದೀಪ ಹಾಕುತ್ತಾರೆ. ಹಾಗಾಗಿ ವಿದ್ಯುತ್ತು ಉಳಿದರೂ ಕತ್ತಲೆ ಉಳಿಯುವುದಿಲ್ಲ. ಪಕ್ಕದ ಮನೆಯ ಮಲಗುವ ಕೋಣೆಗೆ ಹೊಡೆಯುವ ಬೆಳಕು ನಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಅಂಕಣದಾಚೆ ಚೆಲ್ಲುವ ಬೆಳಕನ್ನು ಮರೆಮಾಡಿ ತಡೆದರೆ ನೆರೆಯವರ ದೂರೂ ನಿಲ್ಲುತ್ತದೆ, ಕಡಿಮೆ ವ್ಯಾಟಿನಲ್ಲಿ ಕೆಲಸವೂ ಆಗುತ್ತದೆ. ಕೆರೆದಂಡೆಯ ವಾಯುವಿಹಾರ ಪಥಗಳಲ್ಲಿ ನೀಲಿ ಹೆಚ್ಚಿರುವ ಕಡು ಬಿಳಿ ದೀಪ ಹುಳುಗಳನ್ನು ಸೆಳೆಯುತ್ತದೆ. ಬಣ್ಣದ ತಾಪಮಾನದಲ್ಲಿ 3000 ಕೆಲ್ವಿನ್‌ಗಿಂತ ಕೆಳಗಿನ ಹಳದಿ ಛಾಯೆಯದು ಕಡಿಮೆ ಸೆಳೆಯುತ್ತದೆ. ಅಂಥ ಕಡೆ ಮೊಣಕಾಲೆತ್ತರದ ದೀಪ, ಅದೂ ರಾತ್ರಿ ಒಂಬತ್ತರವರೆಗೆ ಮಾತ್ರ, ಸಾಕೆನ್ನುತ್ತೇನೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ದೂರದರ್ಶಕ ನಡೆಸುವ ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ಕಿಟಕಿಗೆ ಪರದೆ ಕಟ್ಟಿ, ದೀಪಕ್ಕೆ ಮರೆ ಹಾಕಿ, ಬಂದ ಪ್ರವಾಸಿಗರಿಗೆ ನಕ್ಷತ್ರ ತೋರಿಸುತ್ತಾರೆ. ತಾಲ್ಲೂಕು ಕೇಂದ್ರಕ್ಕೆ ಅಷ್ಟು ಕತ್ತಲೆ ಬೇಡ. ಮರೆ ಹಾಕುವ ಅಭ್ಯಾಸ ಬಂದರೆ ಸಾಕು.

ಇಳಿಸಿದ ಹಳೆಯ ದೀಪಗಳು ಉಳಿದವು. ಟ್ಯೂಬ್‌ಲೈಟು, ಮೆಟಲ್ ಹಲೈಡ್ ಎರಡರಲ್ಲೂ ಪಾದರಸವಿದೆ. ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದದ ರಾಷ್ಟ್ರಗಳು ಉದ್ದನೆಯ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು 2023ರಲ್ಲಿ ಒಪ್ಪಿದವು. ಭಾರತವೂ ಆ ಒಪ್ಪಂದದಲ್ಲಿದೆ. ಕ್ರೀಡಾಂಗಣದ ಹಿಂದೆ ರಾಶಿ ಹಾಕಿದ ಟ್ಯೂಬುಗಳನ್ನು ಹುಡುಗರು ಒಡೆದು ಆಡುವುದನ್ನು ನಾವೆಲ್ಲ ನೋಡಿದ್ದೇವೆ. ಹೊಸ ದೀಪದ ಬೇಡಿಕೆಪಟ್ಟಿಯಲ್ಲೇ ಹಳೆಯವನ್ನು ಒಡೆಯದೆ ಪೆಟ್ಟಿಗೆಯಲ್ಲಿ ತುಂಬಿ ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಒಪ್ಪಿಸಿ ರಸೀದಿ ತರುವ ಕೆಲಸವನ್ನೂ ಸೇರಿಸಿ.

ನನ್ನ ಚೀಲದಲ್ಲೊಂದು ಲಕ್ಸ್ ಮೀಟರ್ ಇದೆ. ಅಧ್ಯಕ್ಷರ ಭಾಷಣ, ವಂದನಾರ್ಪಣೆ ಮುಗಿದ ಮೇಲೆ ಆಸಕ್ತರು ಪಕ್ಕದ ಶಟಲ್ ಹಾಲಿಗೆ ಬಂದರೆ ನಾಲ್ಕು ಮೂಲೆಯಲ್ಲೂ ಬಲೆಯ ಬಳಿಯೂ ಅಳೆದು ತೋರಿಸುತ್ತೇನೆ. ಬರುವಾಗ ಯಾರಾದರೂ ಆ ಹಾಲಿನ ಕಳೆದ ತಿಂಗಳ ಕರೆಂಟ್ ಬಿಲ್ಲನ್ನೂ ಹುಡುಕಿ ತನ್ನಿ.